ಹಳೆ ಆಲ್ಟೊದಲ್ಲಿ ಕುಂಯ್ಯೆನ್ನುವ ಸದ್ದು: ಗೇರ್‌ಬಾಕ್ಸಾ, ಆಲ್ಟರ್ನೇಟರಾ?

ಬದಿಯಡ್ಕ_ಆಲ್ಟೊ
ಗಾಡಿ 2006ರ ಆಲ್ಟೊ ಎಲ್‌ಎಕ್ಸ್‌ಐ, 800 ಇಂಜಿನ್, ಕೆಎಲ್-14 ರಿಜಿಸ್ಟ್ರೇಶನ್, ಓಡಿದ್ದು 1.10 ಲಕ್ಷ ಕಿ.ಮೀ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಬಾನೆಟ್ ಒಳಗಿಂದ ಕುಂಯ್ಯ್ ಅಂತ ಒಂದೇ ಎಳೆಯ ಸದ್ದು ಶುರುವಾಗಿದೆ. ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಉಂಟು. ಎಕ್ಸಲೇಟರ್ ಒತ್ತಿದ ಹಾಗೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಇನ್ನೂ ಜೋರು. ವರ್ಕ್‌ಶಾಪಿನಲ್ಲಿ ಒಂದು ರೌಂಡ್ ಓಡಿಸಿ ನೋಡಿ, ಗೇರ್‌ಬಾಕ್ಸ್ ಇಳಿಸಿ ಬೇರಿಂಗ್ ಹಾಕಬೇಕು ಅಂದಿದ್ದಾರೆ. ಒಪ್ಪುವ ಮೊದಲು ಮನೆಯಲ್ಲಿ ಏನೇನು ನೋಡಬಹುದು? ಸ್ಪಾನರ್ ಸೆಟ್, ಮಲ್ಟಿಮೀಟರ್ ಉಂಟು.

ಕುಂಬಳೆ_ಸ್ಪಾನರ್
ಗೇರ್‌ಬಾಕ್ಸ್ ಇಳಿಸಲು ಈಗಲೇ ಹೂಂ ಅನ್ನಬೇಡಿ ಮಾರಾಯ್ರೇ. ಅದು ಹೌದೋ ಅಲ್ಲವೋ ಎಂದು ನೋಡಲು ಗಾಡಿ ಓಡಿಸಬೇಕೆಂದೇ ಇಲ್ಲ. ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸದ್ದು ಬರುತ್ತಿರುವಾಗಲೇ ಕ್ಲಚ್ ಪೆಡಲ್ ಪೂರ್ತಿ ಒತ್ತಿ. ಇಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿದ್ದರೆ ಸದ್ದು ನಿಲ್ಲುತ್ತದೆ, ಯಾಕೆಂದರೆ ಕ್ಲಚ್ ಬಿಡಿಸಿದ ಮೇಲೆ ಆ ಶಾಫ್ಟ್ ತಿರುಗುವುದಿಲ್ಲ. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಒತ್ತಿದರೂ ಬಿಟ್ಟರೂ ಒಂದೇ ರೀತಿ ಇದ್ದರೆ ಗೇರ್‌ಬಾಕ್ಸಿನ ಸುದ್ದಿಗೆ ಹೋಗುವುದೇ ಬೇಡ.

ಓಡುವಾಗ ಮಾತ್ರ ಬರುವ ಸದ್ದಿಗೆ ಬೇರೆ ಪರೀಕ್ಷೆ. ಹಿಂದೆ ಗಾಡಿ ಇಲ್ಲದಾಗ, ರಸ್ತೆಯ ನೇರ ಭಾಗದಲ್ಲಿ 50ಕ್ಕೆ ಬಂದು ಕ್ಲಚ್ ಒತ್ತಿ ಇಂಜಿನ್ ಐಡಲ್‌ಗೆ ಇಳಿಯಲು ಬಿಡಬೇಕು. ಕೀ ಮಾತ್ರ ಆಫ್ ಮಾಡಬಾರದು, ಬ್ರೇಕ್ ಬೂಸ್ಟರ್ ಕೈಕೊಡುತ್ತದೆ, ಸ್ಟೇರಿಂಗ್ ಲಾಕ್ ಆಗುವ ಅಪಾಯವೂ ಉಂಟು. ಆಗಲೂ ಸದ್ದು ಹಾಗೆಯೇ ಇದ್ದರೆ ವೀಲ್ ಬೇರಿಂಗ್, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಇಲ್ಲವೇ ಟಯರ್. ಮುಳ್ಳೇರಿಯದಿಂದ ಸುಳ್ಯಕ್ಕೆ ಹೋಗುವ ತಿರುವುಗಳಲ್ಲಿ ಎಡಕ್ಕೆ ತಿರುಗುವಾಗ ಜೋರಾದರೆ ಹೆಚ್ಚಾಗಿ ಬಲಗಡೆಯ ಬೇರಿಂಗ್, ಭಾರ ಬೀಳುವುದು ಹೊರಗಿನ ಚಕ್ರದ ಮೇಲೆ.

ನಿಮ್ಮದು ನಿಂತಲ್ಲೇ ಬರುವ ಸದ್ದು, ಹಾಗಾಗಿ ಚಕ್ರದ ಕಡೆ ನೋಡುವುದು ಬೇಡ. ಎಲ್‌ಎಕ್ಸ್‌ಐಯ ಪವರ್ ಸ್ಟೇರಿಂಗ್ ಕರೆಂಟಿನದ್ದು, ಎಣ್ಣೆ ಪಂಪ್ ಇಲ್ಲ, ಅದೂ ಬಿಟ್ಟಿತು. ಇನ್ನು ಉಳಿದದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್, ಮತ್ತೆ ಕವರ್ ಒಳಗೆ ಟೈಮಿಂಗ್ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್.

ಪೆರ್ಲ_ರಸ್ತೆ
ಬೆಲ್ಟಿಗೆ ಸ್ವಲ್ಪ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ನೋಡಬಹುದಲ್ಲ? ಸದ್ದು ನಿಂತರೆ ಬೆಲ್ಟ್ ಎಂದು ಗೊತ್ತಾಗುತ್ತದೆ.

ಮುಳ್ಳೇರಿಯ_ಇಲೆಕ್ಟ್ರಿಕಲ್
ದಯವಿಟ್ಟು ಬೇಡ. ಎಣ್ಣೆ ಅಂಶ ತಾಗಿದ ರಬ್ಬರ್ ಮೆತ್ತಗಾಗುತ್ತದೆ, ಬೆಲ್ಟ್ ಜಾರಲು ಶುರು ಮಾಡುತ್ತದೆ, ಆಮೇಲೆ ಇಲ್ಲದ ಸದ್ದೂ ಬರುತ್ತದೆ. ಬೆಲ್ಟ್ ಪರೀಕ್ಷೆಗೆ ನೀರು ಸಾಕು. ಐಡಲ್‌ನಲ್ಲಿ ಬೆಲ್ಟಿನ ಒಳಮೈಗೆ ನಾಲ್ಕು ಹನಿ ಚಿಮುಕಿಸಿದಾಗ ಸದ್ದು ಬದಲಾದರೆ ತಪ್ಪು ಬೆಲ್ಟಿನದ್ದೋ ಅದರ ಬಿಗಿಯದ್ದೋ. ಏನೂ ಬದಲಾಗದಿದ್ದರೆ ಬೆಲ್ಟ್ ತಿರುಗಿಸುವ ಸಾಮಾನಿನದ್ದು.

ಹೆಡ್‌ಲೈಟ್ ಹಾಕಿದಾಗ ಜೋರಾಗುತ್ತದೆ ಎಂದಿರಲ್ಲ, ಅದೇ ಮುಖ್ಯ ಸುಳಿವು. ಕರೆಂಟಿನ ಭಾರ ಹೆಚ್ಚಾದರೆ ಆಲ್ಟರ್ನೇಟರ್ ತಿರುಗಿಸಲು ಹೆಚ್ಚು ಬಲ ಬೇಕು, ಬೆಲ್ಟಿನ ಎಳೆತ ಬೇರಿಂಗ್ ಮೇಲೆ ಬೀಳುತ್ತದೆ. ಎಸಿ ಆಫ್ ಇಟ್ಟು, ಹೆಡ್‌ಲೈಟ್ ಹೈಬೀಮ್, ಬ್ಲೋವರ್ 4ರಲ್ಲಿಟ್ಟು ಕೇಳಿ. ಆಗಲೇ ಬ್ಯಾಟರಿಯ ಎರಡು ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟ್ ನೋಡಿ: 13.8ರಿಂದ 14.5 ಇರಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಮತ್ತೆ ನೋಡಿ. 0.5ಕ್ಕಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರ್ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಎಂದು ಸಂಶಯಪಡಬೇಕು. ಡಯೋಡ್ ಹೋದ ಆಲ್ಟರ್ನೇಟರ್ ಸಹ ಹೀಗೆಯೇ ಕುಂಯ್ಗುಟ್ಟುತ್ತದೆ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ 'ಚಾರ್ಜ್ ಉಂಟಾ' ಎಂದು ನೋಡುವ ಕ್ರಮವೊಂದು ನಮ್ಮ ಕಡೆ ಇನ್ನೂ ಉಂಟು. ಯಾರು ಹೇಳಿದರೂ ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಹಾರಿ ಡಯೋಡ್, ರೆಗ್ಯುಲೇಟರ್, ಕೆಲವೊಮ್ಮೆ ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಎಂ) ಕೂಡ ಸುಟ್ಟುಹೋಗುತ್ತದೆ.

ಕುಂಬಳೆ_ಸ್ಪಾನರ್
ಕೊನೆಯ ತೀರ್ಪು ಬೆಲ್ಟ್ ಕಳಚಿದರೆ ಸಿಗುತ್ತದೆ. ಇಂಜಿನ್ ತಣ್ಣಗಿರುವಾಗ, ಬ್ಯಾಟರಿಯ ನೆಗೆಟಿವ್ ತೆಗೆದು, ಮೊದಲು ಎಸಿ ಬೆಲ್ಟ್ ಮಾತ್ರ ಕಳಚಿ. ನೆಗೆಟಿವ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿ ಕೇಳಿ. ಸದ್ದು ಹಾಗೆಯೇ ಇದ್ದರೆ ಆಲ್ಟರ್ನೇಟರಿನ ಅಡ್ಜಸ್ಟರ್ ಬೋಲ್ಟ್, ಕೆಳಗಿನ ಪಿವಟ್ ಬೋಲ್ಟ್ ಸಡಿಲಿಸಿ ಆ ಬೆಲ್ಟನ್ನೂ ತೆಗೆಯಿರಿ. ಈ ಇಂಜಿನ್‌ನಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಆದ್ದರಿಂದ 30 ಸೆಕೆಂಡ್ ಸಾಕು, ಒಂದು ನಿಮಿಷ ದಾಟಿಸಬೇಡಿ. ಬ್ಯಾಟರಿ ದೀಪ ಉರಿಯುತ್ತದೆ, ಹೆದರುವುದು ಬೇಡ. ಬೆಲ್ಟ್ ಇಲ್ಲದೆಯೂ ಸದ್ದು ಬಂದರೆ ಟೈಮಿಂಗ್ ಕವರ್ ಒಳಗೆ ನೋಡಬೇಕು.

ಸದ್ದು ನಿಂತರೆ ಇಂಜಿನ್ ಆಫ್ ಮಾಡಿ ಆಲ್ಟರ್ನೇಟರ್, ವಾಟರ್ ಪಂಪ್ ಎರಡರ ಪುಲ್ಲಿಗಳನ್ನೂ (ಬೆಲ್ಟ್ ಕೂರುವ ಗಾಲಿ) ಕೈಯಲ್ಲಿ ತಿರುಗಿಸಿ, ಹಿಂದೆ ಮುಂದೆ ಅಲ್ಲಾಡಿಸಿ. ಬಾನೆಟ್ ಹತ್ತಿರ ಮುಂಡು, ಶಾಲು, ಸಡಿಲ ತೋಳು ಯಾವುದೂ ಬೇಡ.

ಬದಿಯಡ್ಕ_ಆಲ್ಟೊ
ಇಬ್ಬರಿಗೂ ಉಪಕಾರ ಆಯ್ತು. ಕ್ಲಚ್ ಒತ್ತಿದರೂ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಬೆಲ್ಟಿಗೆ ನೀರು ಹಾಕಿದರೂ ಹಾಗೆಯೇ. ಡಿಸಿ 14.1, ಎಸಿ ವೋಲ್ಟ್ 0.05. ಎಸಿ ಬೆಲ್ಟ್ ತೆಗೆದಾಗಲೂ ಸದ್ದು ಇತ್ತು, ಇನ್ನೊಂದು ಬೆಲ್ಟ್ ತೆಗೆದ ಮೇಲೆ ಪೂರ್ತಿ ನಿಂತಿತು. ವಾಟರ್ ಪಂಪ್ ಪುಲ್ಲಿ ನುಣ್ಣಗೆ ತಿರುಗುತ್ತದೆ, ಅಲ್ಲಾಡುವುದಿಲ್ಲ, ಕೆಳಗೆ ಕೂಲಂಟ್ ಕಲೆಯೂ ಇಲ್ಲ. ಆಲ್ಟರ್ನೇಟರ್ ಪುಲ್ಲಿ ತಿರುಗಿಸುವಾಗ ಒಳಗೆ ಹೊಯಿಗೆ ಇದ್ದ ಹಾಗೆ ಕರಕರ ಅನ್ನುತ್ತದೆ.

ಮುಳ್ಳೇರಿಯ_ಇಲೆಕ್ಟ್ರಿಕಲ್
ಹಾಗಾದರೆ ಡಯೋಡ್ ಸರಿ ಉಂಟು, ಹೋದದ್ದು ಬೇರಿಂಗ್. ಆಲ್ಟರ್ನೇಟರ್ ಇಂಜಿನ್‌ಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ತಿರುಗುವ ಸಾಮಾನು. ಮಳೆಯ ಕೆಸರು ನೀರು ಸೀಲ್ ದಾಟಿದರೆ ಗ್ರೀಸ್ ಕೆಟ್ಟು, ಗುಂಡುಗಳ ದಾರಿಯಲ್ಲಿ ತುಕ್ಕಿನ ಹೊಂಡ ಬೀಳುತ್ತದೆ. ಕುಂಯ್ಗುಟ್ಟುವುದು ಅದೇ. ಗ್ರೀಸ್ ತುಂಬಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಬಿದ್ದ ಹೊಂಡ ಗ್ರೀಸಿನಿಂದ ಮುಚ್ಚುವುದಿಲ್ಲ.

ಇಡೀ ಆಲ್ಟರ್ನೇಟರ್ ಬದಲಾಯಿಸುವ ಅಗತ್ಯವೂ ಇಲ್ಲ. ಬಿಚ್ಚಿ ಆಟೋ ಇಲೆಕ್ಟ್ರಿಶಿಯನ್ ಹತ್ತಿರ ಕೊಟ್ಟು, ಮುಂದಿನದು ಹಿಂದಿನದು ಎರಡೂ ಬೇರಿಂಗ್ ಒಟ್ಟಿಗೆ ಹಾಕಿಸಿ. ಹಳೆಯದರ ಅಂಚಿನಲ್ಲಿ ಕೊರೆದ ನಂಬರ್ ಓದಿ ಅದನ್ನೇ ತನ್ನಿ. ನಂಬರಿನ ಕೊನೆಯಲ್ಲಿ ಸಿ3 ಎಂದಿದ್ದರೆ ಹೊಸದರಲ್ಲೂ ಸಿ3 ಇರಲೇಬೇಕು. ಬಿಸಿಗೆ ಲೋಹ ಹಿಗ್ಗಲು ಒಳಗೆ ಬಿಟ್ಟ ಸಂದು ಅದು, ಸಾದಾ ಬೇರಿಂಗ್ ಹಾಕಿದರೆ ಬಿಗಿದು ಬೇಗ ಹೋಗುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವುದೇ ಆಗಬೇಕು. ಪ್ರೆಸ್‌ನಲ್ಲಿ ಕೂರಿಸಲಿ, ಸುತ್ತಿಗೆಯಲ್ಲಿ ಬಡಿದರೆ ಹೊಸದಕ್ಕೂ ಹೊಂಡ ಬೀಳುತ್ತದೆ. ಬಿಚ್ಚಿದಾಗಲೇ ಬ್ರಶ್ ಸವೆದಿದೆಯಾ, ಅದು ಉಜ್ಜುವ ಸ್ಲಿಪ್ ರಿಂಗ್‌ನಲ್ಲಿ ಗೆರೆ ಬಿದ್ದಿದೆಯಾ ನೋಡಿಸಿ.

ಬೆಲ್ಟಿನಲ್ಲಿ ಬಿರುಕು ಕಂಡರೆ ಈಗಲೇ ಬದಲಿಸಿ. ಮರಳಿ ಹಾಕುವಾಗ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಬಲವಾಗಿ ಒತ್ತಿದರೆ 6ರಿಂದ 8 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಹೊಸ ಬೇರಿಂಗಿಗೂ ವಾಟರ್ ಪಂಪಿಗೂ ಪೆಟ್ಟು. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ, 200–300 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ. ವಾಟರ್ ವಾಶ್ ಮಾಡಿಸುವಾಗ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಸುತ್ತಲು ಹೇಳಿ, ಆ ಪ್ರೆಶರ್ ನೀರಿಗೆ ಸೀಲ್ ತಡೆಯುವುದಿಲ್ಲ.