ಪಂಚಾಂಗ ಹಾಕುವ ಮೊದಲೇ ಎರಡು ಲಕ್ಷ: ಹಳ್ಳಿಯಲ್ಲಿ ಮನೆ ಕಟ್ಟುವವರ ಶುಲ್ಕದ ಲೆಕ್ಕ

ಬೈಲುಮನೆ:

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ನಮ್ಮ ತಂದೆಯವರ ಹೆಸರಿನಲ್ಲಿ 2 ಎಕರೆ 40 ಸೆಂಟ್ಸ್ ಅಡಿಕೆ ತೋಟವಿದೆ. ತೋಟದ ಮೇಲ್ಭಾಗದ ಹತ್ತು ಸೆಂಟ್ಸ್ ಖಾಲಿ ಜಾಗದಲ್ಲಿ 1,200 ಚದರ ಅಡಿಯ ಮನೆಯೊಂದನ್ನು ಕಟ್ಟಿಕೊಳ್ಳಬೇಕೆಂಬುದು ನನ್ನ ಆಸೆ. ಮೇಸ್ತ್ರಿಯವರ ಅಂದಾಜಿನಂತೆ 28 ಲಕ್ಷ ರೂಪಾಯಿ ಬೇಕಾಗುತ್ತದೆ; ಅದರಲ್ಲಿ 20 ಲಕ್ಷವನ್ನು ಬ್ಯಾಂಕ್ ಸಾಲದಿಂದ ಹೊಂದಿಸಬೇಕು. ಜಾಗ ಕನ್ವರ್ಷನ್ (ಕೃಷಿ ಭೂಮಿಯಿಂದ ವಾಸದ ಬಳಕೆಗೆ ಪರಿವರ್ತನೆ) ಆಗಿರಬೇಕು, ಪಂಚಾಯತ್‌ನ ಆಸ್ತಿ ದಾಖಲೆಯಾದ 9/11 ನನ್ನ ಹೆಸರಿಗೆ ಬಂದಿರಬೇಕು, ಪಂಚಾಯತ್‌ನ ಕಟ್ಟಡ ಪರವಾನಗಿ ಕೈಯಲ್ಲಿರಬೇಕು, ಆಮೇಲೆ ಮಾತಾಡೋಣ ಎಂದು ಬ್ಯಾಂಕಿನವರು ಮೊದಲ ದಿನವೇ ಹೇಳಿ ಕಳುಹಿಸಿದರು.

ಇದೆಲ್ಲವನ್ನೂ ಮಾಡಿಸಿಕೊಡುವುದಾಗಿ ಹೇಳಿದ ಮಧ್ಯವರ್ತಿಯೊಬ್ಬರು ಒಟ್ಟು 1,85,000 ರೂಪಾಯಿ ಕೇಳಿದ್ದಾರೆ. ವಿವರ ಕೇಳಿದರೆ ‘ಎಲ್ಲ ಸೇರಿ’ ಎನ್ನುವುದಷ್ಟೇ ಉತ್ತರ. 1988ರಲ್ಲಿ ತಂದೆಯವರು ಇದೇ ತೋಟದಲ್ಲಿ ಮನೆ ಕಟ್ಟಿದಾಗ ಬಿಳಿ ಹಾಳೆಯ ಒಂದು ಅರ್ಜಿ, ಮಂಡಲ ಪಂಚಾಯತ್‌ನ ಮೊಹರು ಬಿದ್ದ ಒಂದು ರಸೀದಿ, ಇಷ್ಟರಲ್ಲೇ ಕೆಲಸ ಮುಗಿದಿತ್ತು. ಆ ರಸೀದಿ ಈಗಲೂ ಅವರ ಟ್ರಂಕ್‌ನಲ್ಲಿದೆ. ನನಗೆ ತಿಳಿಯಬೇಕಾದದ್ದು ಎರಡು ವಿಷಯ. ಮಧ್ಯವರ್ತಿ ಕೇಳಿರುವ ಮೊತ್ತದಲ್ಲಿ ನಿಜವಾಗಿ ಸರ್ಕಾರಕ್ಕೆ ಸಲ್ಲುವುದು ಎಷ್ಟು, ಮತ್ತು ಸ್ವಂತ ತೋಟದಲ್ಲಿ ಕಟ್ಟುವ ಮನೆಗೆ ಕನ್ವರ್ಷನ್ ಬೇಕಾಗಿಯೇ ಇಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಿರುವುದು ಸರಿಯೇ?

ಹಳೇಕಡತ:

ಬೈಲುಮನೆಯವರೇ, ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ನಿಮ್ಮ ತಂದೆಯವರ ಕಾಲದೊಂದಿಗೆ ಇಂದಿನ ಸ್ಥಿತಿಯನ್ನು ಹೋಲಿಸುವಾಗ ಒಂದು ಅಂಶವನ್ನು ಮೊದಲು ಬೇರ್ಪಡಿಸಿ ನೋಡಬೇಕು. ಕಟ್ಟಡ ಪರವಾನಗಿಯ ಶುಲ್ಕ ಅಂದಿಗೂ ಇಂದಿಗೂ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ; ಆ ಅನುಮತಿಗೆ ಪಂಚಾಯಿತಿ ಪಡೆಯುವ ಹಣವು ನಿಮ್ಮ ಮನೆಯ ಒಂದು ಬಾಗಿಲಿನ ಬೆಲೆಯನ್ನೂ ಮುಟ್ಟಲಾರದು. ಹೆಚ್ಚಿರುವುದು ಆ ಅನುಮತಿಯ ಮುಂದೆ ಸಾಲುಗಟ್ಟಿ ನಿಂತಿರುವ ದಾಖಲೆಗಳ ಸಂಖ್ಯೆ. ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಯ ಬಾಗಿಲಿಗೆ ಬೀಗದ ಕೈ ಎಂಬಂತಾಗಿದೆ.

ನಿಮ್ಮ ವಿಷಯದಲ್ಲಿ ಆ ಸಾಲು ಹೀಗೆ ಸಾಗುತ್ತದೆ. ಹತ್ತು ಸೆಂಟ್ಸ್‌ಗೆ ಮೊದಲು ಭೂಮಾಪಕರ ನಕ್ಷೆಯಾಗಬೇಕು. ಆ ನಕ್ಷೆಯ ಆಧಾರದ ಮೇಲೆ 1964ರ ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆಯ ಆದೇಶ ಬರಬೇಕು. ಪರಿವರ್ತನೆಯಾದ ಜಾಗ ಯೋಜನಾ ಪ್ರದೇಶದ, ಅಂದರೆ ಯೋಜನಾ ಪ್ರಾಧಿಕಾರದ ವ್ಯಾಪ್ತಿಯ, ಒಳಗಿದ್ದರೆ ಏಕ ನಿವೇಶನಕ್ಕೂ ವಿನ್ಯಾಸ (ಲೇಔಟ್) ಅನುಮೋದನೆ ಕೇಳುತ್ತಾರೆ. ಕರಾವಳಿಯ ಜನರು ಇತ್ತೀಚೆಗೆ ಹೆಚ್ಚು ಅಲೆದಾಡಿದ್ದು ಈ ಘಟ್ಟದಲ್ಲಿಯೇ. ಅದಾದ ಮೇಲೆ, 2013ರಲ್ಲಿ ಆರಂಭವಾದ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ, ಅಂದರೆ ನೀವೆಲ್ಲ 9/11 ಎಂದು ಕರೆಯುವ ದಾಖಲೆಗಳು ತಯಾರಾಗುತ್ತವೆ. ಪರವಾನಗಿಯ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಪ್ರತಿ ಹಂತದಲ್ಲಿಯೂ ಸರ್ಕಾರಕ್ಕೆ ಒಂದಿಷ್ಟು ಶುಲ್ಕವಿದೆ, ನಿಜ. ಆದರೆ ಪ್ರತಿ ಹಂತದಲ್ಲಿಯೂ ಒಬ್ಬ ಬರೆಯುವವನು, ಒಬ್ಬ ಓಡಾಡುವವನು, ಒಂದು ದಿನದ ಕೂಲಿ, ಒಂದು ಬಸ್ ಚಾರ್ಜು ಕೂಡ ಸೇರಿಕೊಳ್ಳುತ್ತವೆ.

ಜಾಗವನ್ನು ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸುವುದಕ್ಕೆ ಕ್ರಯಪತ್ರದ ಯೋಚನೆ ಬೇಡ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕವನ್ನು ಆಸ್ತಿಯ ಬೆಲೆಯ ಶೇಕಡಾ ಇಷ್ಟು ಎಂದು ಹಾಕುವುದಿಲ್ಲ. ಅದು ನಿಗದಿತ ಮೊತ್ತ, ಗ್ರಾಮೀಣ ಭಾಗದಲ್ಲಿ ಕೆಲವೇ ಸಾವಿರದೊಳಗೆ ಮುಗಿಯುತ್ತದೆ. ಹತ್ತು ಸೆಂಟ್ಸ್‌ನಷ್ಟು ಸಣ್ಣ ತುಂಡನ್ನು ಕೃಷಿ ಭೂಮಿಯಾಗಿಯೇ ಬೇರ್ಪಡಿಸಿ ನೋಂದಣಿ ಮಾಡಿಸಲು ಹೋದರೆ ತೊಡಕು ಬರುತ್ತದೆ. ಆದ್ದರಿಂದ ತಂದೆಯವರ ಹೆಸರಿನಲ್ಲಿಯೇ ಪರಿವರ್ತನೆ ಮಾಡಿಸಿ, ಅನಂತರ ದಾನಪತ್ರ ಬರೆಸುವುದು ಲೇಸು.

ಮಧ್ಯವರ್ತಿಯವರಿಗೆ ಒಂದೇ ಮಾತು ಹೇಳಿ: ‘ರಸೀದಿ ಬರುವ ಹಣ ಎಷ್ಟು, ಬಾರದ ಹಣ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದುಕೊಡಿ.’

ಸಾಗರದಿಂದ:

ತೋಟದ ಮನೆಯ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ನಿಮ್ಮ ನೆರೆಯವರು ಹೇಳಿದ್ದು ಕಾನೂನಿನ ಮಟ್ಟಿಗೆ ಸರಿ. ಹಳೇಕಡತದವರು ಹೇಳಿದ ಅದೇ 95ನೆಯ ಪ್ರಕರಣದ ಮೊದಲ ಉಪಪ್ರಕರಣವು ಕೃಷಿಕನು ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಅದು ಹಿಡುವಳಿಯ ಶೇಕಡಾ 10ನ್ನು ಮೀರಬಾರದು, ನಿಯಮದಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿಯೊಳಗಿರಬೇಕು, ಸ್ವಂತ ಕುಟುಂಬದ ಬಳಕೆಗಷ್ಟೇ ಇರಬೇಕು, ಬಾಡಿಗೆಗೆ ಕೊಡುವಂತಿಲ್ಲ. ನಿಮ್ಮ 2 ಎಕರೆ 40 ಸೆಂಟ್ಸ್‌ಗೆ ಶೇಕಡಾ 10 ಎಂದರೆ 24 ಸೆಂಟ್ಸ್ ಆಗುತ್ತದೆ.

ನಾನು ಇದೇ ದಾರಿಯನ್ನು ಹಿಡಿದು ಪರಿವರ್ತನೆಯ ಖರ್ಚನ್ನು ಉಳಿಸಿದೆ. ಉಳಿಸಿದೆ ಎಂದುಕೊಂಡೆ ಎನ್ನುವುದೇ ಸರಿ. ಪ್ರತ್ಯೇಕ ನಿವೇಶನವೇ ಇಲ್ಲವಾದ ಕಾರಣ 9/11 ಹುಟ್ಟುವುದಿಲ್ಲ. 9/11 ಇಲ್ಲದೆ ಗೃಹಸಾಲ ಸಿಗುವುದಿಲ್ಲ. ನಾನು ಚಿನ್ನವನ್ನು ಅಡವಿಟ್ಟು, ಉಳಿದದ್ದಕ್ಕೆ ಸಹಕಾರ ಸಂಘದಲ್ಲಿ ವೈಯಕ್ತಿಕ ಸಾಲ ಮಾಡಿದೆ. ಆ ಸಾಲದ ಬಡ್ಡಿಗೂ ಗೃಹಸಾಲದ ಬಡ್ಡಿಗೂ ಇರುವ ಅಂತರವನ್ನು ಒಂದು ಸಂಜೆ ಕುಳಿತು ಲೆಕ್ಕ ಹಾಕಿದಾಗ, ಮೂರನೆಯ ವರ್ಷದೊಳಗೇ ನಾನು ಉಳಿಸಿದ್ದೆಲ್ಲವೂ ಬಡ್ಡಿಯಾಗಿ ಹೋಗಿತ್ತು. ಕೈಯಲ್ಲಿ ಪೂರ್ತಿ ಹಣವಿದ್ದವರಿಗೆ ತೋಟದ ಮನೆ ಉತ್ತಮ ಆಯ್ಕೆ. ಬ್ಯಾಂಕನ್ನು ನಂಬಿದವರಿಗೆ ಅಲ್ಲ. ಅಣ್ಣ ತಮ್ಮಂದಿರು ಮುಂದೆ ಪಾಲು ಮಾಡಿಕೊಳ್ಳುವಾಗ ಆ ಮನೆ ಯಾರ ಪಾಲಿನ ಜಮೀನಿನಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯೂ ಏಳುತ್ತದೆ. ನಮ್ಮಲ್ಲಿ ಅದು ಎದ್ದೇ ಎದ್ದಿತು.

ನಕ್ಷೆ ಬರೆಯುವವಳು:

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಹಳ್ಳಿಗಳಲ್ಲಿ ಮನೆಗಳ ನಕ್ಷೆ ಮತ್ತು ಅಂದಾಜುಪಟ್ಟಿ ಮಾಡಿಕೊಡುತ್ತೇನೆ. ಇಲ್ಲಿಯವರೆಗೆ ಯಾರೂ ಎತ್ತದ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ಕಾರ್ಮಿಕ ಸೆಸ್. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ 1996ರ ಕಾಯ್ದೆಯಂತೆ ನಿರ್ಮಾಣ ವೆಚ್ಚದ ಶೇಕಡಾ 1ನ್ನು ಪರವಾನಗಿಯ ಹಂತದಲ್ಲಿಯೇ ಕಟ್ಟಿಸಿಕೊಳ್ಳುತ್ತಿದ್ದರು. ಸ್ವಂತ ವಾಸದ ಮನೆಗೆ ವಿನಾಯಿತಿ ಇದ್ದದ್ದು 10 ಲಕ್ಷ ರೂಪಾಯಿ ವೆಚ್ಚದವರೆಗೆ ಮಾತ್ರ. 1996ರಲ್ಲಿ ಹತ್ತು ಲಕ್ಷದ ಮನೆ ಎಂದರೆ ಬಂಗಲೆ. ಈಗ ಹತ್ತು ಲಕ್ಷಕ್ಕೆ ನಮ್ಮ ಕಡೆ ಸ್ಲ್ಯಾಬ್ ಮಟ್ಟವನ್ನು ದಾಟುವುದೂ ಕಷ್ಟ. ಯಾರೂ ದರವನ್ನು ಏರಿಸದೆ, ಮಿತಿಯನ್ನು ಇದ್ದಲ್ಲಿಯೇ ಬಿಟ್ಟದ್ದರಿಂದ, ಬಡವರ ಮನೆಗಳೂ ಕ್ರಮೇಣ ಸೆಸ್‌ನ ಬಲೆಗೆ ಬಿದ್ದವು. 28 ಲಕ್ಷದ ಮನೆಗೆ ಇದು 28,000 ರೂಪಾಯಿ. ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯು ಸ್ವಂತ ವಾಸದ ಮನೆಯ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ನಿಮ್ಮ ಮಧ್ಯವರ್ತಿಯ ಪಟ್ಟಿಯಲ್ಲಿ ಸೆಸ್ ಎಂಬ ಸಾಲು ಕಂಡರೆ ಈ ಸಂಹಿತೆಯ ಹೆಸರು ಹೇಳಿ ಲಿಖಿತ ವಿವರಣೆ ಕೇಳಿ.

ಎರಡನೆಯದು ವಿದ್ಯುತ್. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅನಧಿಕೃತ ಕಟ್ಟಡಗಳ ಬಗ್ಗೆ ನೀಡಿದ ತೀರ್ಪಿನಲ್ಲಿ, ನಿರ್ಮಾಣ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ಇದ್ದರೆ ಮಾತ್ರ ವಿದ್ಯುತ್, ನೀರಿನ ಕಾಯಂ ಸಂಪರ್ಕ ಕೊಡಬೇಕೆಂದು ಹೇಳಿತು. ಇದರ ಬಿಸಿ ಕರ್ನಾಟಕದ ಮನೆ ಕಟ್ಟುವವರಿಗೂ ತಟ್ಟಿತು. ಕಾಯಂ ಸಂಪರ್ಕ ಸಿಗುವವರೆಗೆ ತಾತ್ಕಾಲಿಕ ಸಂಪರ್ಕದ ದುಬಾರಿ ದರವನ್ನೇ ಕಟ್ಟುತ್ತಿರಬೇಕು, ಗೃಹಜ್ಯೋತಿಯೂ ಅಲ್ಲಿಗೆ ಅನ್ವಯಿಸುವುದಿಲ್ಲ. ಹಾಗಾಗಿ ನನ್ನ ಬಳಿ ಬರುವವರಿಗೆ ಹೇಳುವುದಿಷ್ಟೇ: ಒಂದು ಸ್ನಾನದ ಕೋಣೆಯನ್ನು ಆಮೇಲೆ ಹೊರಕ್ಕೆ ಚಾಚಬೇಕೆಂಬ ಯೋಚನೆಯಿದ್ದರೆ ಅದನ್ನು ಈಗಲೇ ನಕ್ಷೆಯಲ್ಲಿ ತೋರಿಸಿ. ಅನುಮೋದಿತ ನಕ್ಷೆಗೂ ಕಟ್ಟಿದ ಮನೆಗೂ ನಡುವೆ ವ್ಯತ್ಯಾಸ ಬಂದರೆ, ಅದರ ಬೆಲೆಯನ್ನು ಮೀಟರ್ ಬರುವ ದಿನ ತೆರಬೇಕಾಗುತ್ತದೆ.

ನಕ್ಷೆಯ ಶುಲ್ಕವೂ ಏರಿದೆ ಎಂದು ನಮ್ಮನ್ನು ಬೈಯುವವರಿದ್ದಾರೆ. ಏರಿದೆ, ಒಪ್ಪುತ್ತೇನೆ. ಹಿಂದೆ ಒಂದು ನಕ್ಷೆ ಬರೆದುಕೊಟ್ಟರೆ ಸಾಕಿತ್ತು; ಈಗ ಅದೇ ಮನೆಗೆ ಪಂಚಾಯಿತಿಗೆ ಒಂದು, ಬ್ಯಾಂಕಿಗೆ ಒಂದು, ಯೋಜನಾ ಕಚೇರಿಗೆ ಒಂದು ಎಂದು ಮೂರು ಬಗೆಯಲ್ಲಿ ಬರೆಯುತ್ತೇವೆ.

ಬಯಲುಸೀಮೆಯವನು:

ಪಿತ್ರಾರ್ಜಿತ ಜಾಗವಿರುವ ನೀವು ಅದೃಷ್ಟವಂತರು. ನನ್ನಂತೆ ಜಾಗವನ್ನು ಕೊಂಡು ಮನೆ ಕಟ್ಟುವವರ ಪಾಡನ್ನು ಕೇಳಿ. ಹಳ್ಳಿಯ ನಿವೇಶನಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ 5.65, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2 ಆಯಿತು. 15 ಲಕ್ಷದ ನಿವೇಶನಕ್ಕೆ ಮೊದಲು 99,750 ರೂಪಾಯಿ ಆಗುತ್ತಿದ್ದದ್ದು ಈಗ 1,14,750 ಆಗಿದೆ. ಆ 15 ಲಕ್ಷವೆಂಬ ಬೆಲೆಯೂ ತಾನಾಗಿ ಬಂದದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರವನ್ನು (ನೋಂದಣಿಗೆ ಸರ್ಕಾರ ನಿಗದಿಪಡಿಸುವ ಕನಿಷ್ಠ ಬೆಲೆಯನ್ನು) ಏರಿಸಿದ ಮೇಲೆ ಬಂದದ್ದು.

ನೋಂದಣಿ ಶುಲ್ಕ ಏರಿದ ಮೂರು ವಾರಕ್ಕೆ, ಸೆಪ್ಟೆಂಬರ್ 22ರಂದು, ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆಮೇಲೆ ಲೆಕ್ಕ ಹಾಕಿದೆ. ತೆರಿಗೆ ಬಿಟ್ಟು ಮೂಟೆಗೆ 300 ರೂಪಾಯಿ ಎಂದು ಹಿಡಿದರೆ ಉಳಿತಾಯ 30 ರೂಪಾಯಿ, ಸಾವಿರದ ಇನ್ನೂರು ಚದರ ಅಡಿಯ ಮನೆಗೆ ಸುಮಾರು 480 ಮೂಟೆ ಬೇಕು, ಒಟ್ಟು 14,400. ದೆಹಲಿ ಕೊಟ್ಟದ್ದನ್ನು ಬೆಂಗಳೂರು ಅದಾಗಲೇ ವಸೂಲಿ ಮಾಡಿ, ಮೇಲೆ ಆರುನೂರು ರೂಪಾಯಿಯನ್ನೂ ಇಟ್ಟುಕೊಂಡಿತ್ತು. ಪರವಾನಗಿ ಶುಲ್ಕ ಸಣ್ಣದು ಎಂಬ ಹಳೇಕಡತದವರ ಮಾತನ್ನು ಒಪ್ಪಿದರೂ, ಮನೆ ಕಟ್ಟುವವನ ಜೇಬಿಗೆ ಆ ಹಣ ಯಾವ ಇಲಾಖೆಯ ಹೆಸರಿನಲ್ಲಿ ಹೋಯಿತು ಎಂಬುದು ಸಮಾಧಾನವಾಗುವುದಿಲ್ಲ.

ಹಳೇಕಡತ:

ಬಯಲುಸೀಮೆಯವರ ಮಾತಿನಲ್ಲಿ ನ್ಯಾಯವಿದೆ. ನಾನು ಪಂಚಾಯಿತಿಯ ಪರವಾಗಿ ವಾದಿಸುತ್ತಿಲ್ಲ. ಯಾರ ಬಾಗಿಲಲ್ಲಿ ನಿಂತು ಕೇಳಬೇಕು ಎಂಬುದು ತಿಳಿದಿರಲಿ ಎಂದಷ್ಟೇ. ಅರ್ಜಿ ಕೊಟ್ಟ ದಿನವೇ ಸಕಾಲದ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ವ್ಯವಸ್ಥೆಯ) ಸ್ವೀಕೃತಿ ಸಂಖ್ಯೆಯನ್ನು ಪಡೆಯುವುದನ್ನು ಯಾರೂ ಮರೆಯಬೇಡಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರವೆಂದರೆ ನಗು ಬರಬಹುದು, ಆದರೆ ಆ ಇಪ್ಪತ್ತು ರೂಪಾಯಿ ಸಂಬಂಧಪಟ್ಟ ಅಧಿಕಾರಿಯ ಸಂಬಳದಿಂದ ಹೋಗುತ್ತದೆ ಎಂಬ ಕಾರಣಕ್ಕೆ ಕಡತ ಮೇಜಿನಿಂದ ಮೇಜಿಗೆ ಸರಿದದ್ದನ್ನು ನಾನು ಒಳಗಿನಿಂದ ಕಂಡಿದ್ದೇನೆ.

ಬೈಲುಮನೆ:

ಎಲ್ಲರಿಗೂ ಕೃತಜ್ಞತೆಗಳು. ಹಳೇಕಡತದವರು ಹೇಳಿದಂತೆ ಮಧ್ಯವರ್ತಿಯವರಲ್ಲಿ ಎರಡು ಪಟ್ಟಿ ಕೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಕೊಟ್ಟ ಚೀಟಿಯಲ್ಲಿ ರಸೀದಿ ಬರುವ ಬಾಬತ್ತುಗಳು ಒಟ್ಟು ಮೊತ್ತದ ಮೂರನೆಯ ಒಂದು ಭಾಗವನ್ನೂ ಮುಟ್ಟಿರಲಿಲ್ಲ, ಅದರಲ್ಲಿಯೂ ಕಾರ್ಮಿಕ ಸೆಸ್ ಎಂದು 28,000 ರೂಪಾಯಿ ಬರೆದಿತ್ತು. ಸಂಹಿತೆಯ ಹೆಸರು ಹೇಳಿದ ಮೇಲೆ ಆ ಸಾಲಿಗೆ ಅವರೇ ಗೆರೆ ಎಳೆದರು. ಗೃಹಸಾಲ ಅನಿವಾರ್ಯವಾದ್ದರಿಂದ ತೋಟದ ಮನೆಯ ದಾರಿಯನ್ನು ಬಿಟ್ಟು, ಪರಿವರ್ತನೆಯ ಅರ್ಜಿಯನ್ನು ತಂದೆಯವರ ಹೆಸರಿನಲ್ಲಿ ನಾನೇ ಸಲ್ಲಿಸಲು ನಿಶ್ಚಯಿಸಿದ್ದೇನೆ. ಒಂದು ಸಂದೇಹ ಉಳಿದಿದೆ: ಅದೇ ಸರ್ವೆ ನಂಬರಿನಲ್ಲಿರುವ, 1988ರಲ್ಲಿ ಕಟ್ಟಿದ ಹಳೆಯ ಮನೆಯ ಜಾಗವನ್ನೂ ಇದರೊಂದಿಗೆ ಪರಿವರ್ತನೆ ಮಾಡಿಸಬೇಕೇ?

ಹಳೇಕಡತ:

ಈಗ ಬೇಡ. ಪರಿವರ್ತನೆಯ ಶುಲ್ಕವು ವಿಸ್ತೀರ್ಣದ ಮೇಲೆ ಬೀಳುತ್ತದೆ. ಹಳೆಯ ಮನೆಯಲ್ಲಿ ತಂದೆ ತಾಯಿ ವಾಸವಿದ್ದು ತೋಟವನ್ನು ನೋಡಿಕೊಳ್ಳುತ್ತಿರುವವರೆಗೆ ಅದು ಸಾಗರದವರು ಹೇಳಿದ ತೋಟದ ಮನೆಯಾಗಿಯೇ ಇರಲಿ. ನಕ್ಷೆ ಮಾಡಿಸುವಾಗ ಮಾತ್ರ ಹಳೆಯ ಮನೆಗೆ ಹೋಗುವ ದಾರಿ ನಿಮ್ಮ ಹತ್ತು ಸೆಂಟ್ಸ್‌ನ ಒಳಗೆ ಸೇರಿಹೋಗದಂತೆ ನೋಡಿಕೊಳ್ಳಿ. ಟ್ರಂಕ್‌ನಲ್ಲಿರುವ ಮಂಡಲ ಪಂಚಾಯಿತಿಯ ರಸೀದಿಯ ಎರಡು ಜೆರಾಕ್ಸ್ ಪ್ರತಿಗಳನ್ನು ಮಾಡಿಸಿಡಿ, ಮನೆ ಎಷ್ಟು ಹಳೆಯದು ಎಂಬುದಕ್ಕೆ ಅದೇ ಸಾಕ್ಷಿ. ಲ್ಯಾಮಿನೇಷನ್ ಮಾಡಿಸಬೇಡಿ; ಆ ಕಾಲದ ಮೊಹರಿನ ಶಾಯಿ ಬಿಸಿಗೆ ಮಾಸಿಹೋಗಬಹುದು.