ಸಹಾಯ ಬೇಕು: ಹುಲ್ಲುಹಾಸಿನ ನಿರ್ವಹಣೆಯ ಕೆಲಸಕ್ಕೆ ಕಡಿಮೆ ಬೆಲೆಯ ಟ್ರೇಲರ್

ನಮಸ್ಕಾರ. ಹುಲ್ಲುಹಾಸುಗಳನ್ನು ಕತ್ತರಿಸಿ ನಿರ್ವಹಿಸುವ ಸಣ್ಣ ಉದ್ಯಮ ನಡೆಸುತ್ತಿರುವ ನಾನು, ಕುಳಿತು ಓಡಿಸುವ ಸುಮಾರು 400 ಕಿಲೋ ತೂಕದ ಮೋವರನ್ನೂ (ಹುಲ್ಲು ಕತ್ತರಿಸುವ ಯಂತ್ರ) ಇಂಧನದ ಕ್ಯಾನುಗಳನ್ನೂ ಒಟ್ಟಿಗೆ ಸಾಗಿಸಬಲ್ಲ, ಕಡಿಮೆ ಬೆಲೆಯ ಟ್ರೇಲರ್ ಹುಡುಕುತ್ತಿದ್ದೇನೆ. ಒಂದೇ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಇದ್ದರೆ ಟೈರು, ಬೇರಿಂಗುಗಳ ಖರ್ಚು ಕಡಿಮೆ. ಆದರೆ ನಮೂದಿಸಿದ ಗರಿಷ್ಠ ಒಟ್ಟು ತೂಕದಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುವುದರಿಂದ, ಅದನ್ನು ಕಳೆದ ಮೇಲೆ ಉಳಿಯುವ ಸಾಮರ್ಥ್ಯವು ಮಳೆಯಲ್ಲಿ ನೆನೆದ ಹುಲ್ಲಿನ ಹೊರೆಗೂ ಸಾಲುವುದೇ ಎಂಬ ಆತಂಕ ನನಗಿದೆ. ಒಟ್ಟು ತೂಕದ ಶೇ. 10ರಿಂದ 15ರಷ್ಟು, ಟ್ರೇಲರನ್ನು ಎಳೆಯುವ ವಾಹನಕ್ಕೆ ಜೋಡಿಸುವ ಕೊಂಡಿಯ ಮೇಲೆ ಬೀಳುವಂತೆ ಮೋವರನ್ನು ಆಕ್ಸಲಿಗಿಂತ ತುಸು ಮುಂದೆ ನಿಲ್ಲಿಸಬೇಕಾದ್ದರಿಂದ ಉದ್ದವೂ ಮುಖ್ಯವೇ. ಹಳೆಯದನ್ನು ಕೊಳ್ಳುವುದಾದರೆ ಚೌಕಟ್ಟಿನ ಬೆಸುಗೆ, ತುಕ್ಕು ಮತ್ತು ನೆಲದ ಹಲಗೆಗಳಲ್ಲದೆ ಇನ್ನೇನನ್ನು ಪರೀಕ್ಷಿಸಬೇಕು? ದಿನಕ್ಕೆ ಹಲವು ಬಾರಿ ಮೋವರಿನ ಭಾರ ಹೊರುವ ಹಿಂಬದಿಯ ಇಳಿಜಾರು ಬಾಗಿಲಿಗೆ ಜಾಲರಿ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.