ತೆಂಗಿನ ಬಿಳಿನೊಣ: ಹತ್ತಿರ ಹೋದರೆ ಫೋಟೋ ಮಸುಕು, ತಲೆ ಕೆಟ್ಟುಹೋಗಿದೆ

ಮದ್ದೂರು ತೋಟದವ
ಮೂರು ಭಾನುವಾರ ಇದಕ್ಕೇ ಹೋಯ್ತು. ತೆಂಗಿನ ಗರಿ ಅಡಿಯಲ್ಲಿ ಬಿಳಿನೊಣ ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟಿದೆ. ಅದರ ಅಂಟು ಸುರಿದು ಕೆಳಗಿನ ಗರಿಗಳೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗಿವೆ. ಮೊಬೈಲ್ ಕ್ಯಾಮೆರಾ ಮೇಲೆ ಸಿಕ್ಕಿಸೋ ಭೂತಗನ್ನಡಿ ಥರದ ಕ್ಲಿಪ್ ಲೆನ್ಸ್ ಹಾಕಿ ಹತ್ತಿರ ಹಿಡಿದರೆ ಹಿಟ್ಟಿನ ಮುದ್ದೆ ಬಿಟ್ಟು ಏನೂ ಕಾಣಲ್ಲ. ಹುಳ ಗುರುತಿಸೋರು ‘ಸ್ಪಷ್ಟ ಫೋಟೋ ಕಳಿಸಿ’ ಅಂತ ಒಂದೇ ರಾಗ. ಏನ್ ಮಾಡೋದು ಹೇಳ್ರಪ್ಪ.

ಕುಕ್ಕರಹಳ್ಳಿ ವಾಕರ್
ಗಾಳಿ ಸಾರ್. ಬೆಳಗ್ಗೆ ಏಳರೊಳಗೆ ತೆಗೀರಿ.

ಮದ್ದೂರು ತೋಟದವ
ಗರಿ ಕೊಯ್ದು ತಂದು ಜಗಲಿ ಮೇಲೆ ಇಟ್ಟು ತೆಗೆದದ್ದು. ಗಾಳಿ ಎಲ್ಲಿಂದ ಬಂತು?

ಕುಕ್ಕರಹಳ್ಳಿ ವಾಕರ್
ಹಾಗಾದ್ರೆ ಕೈ ನಡುಗಿದೆ. ಟ್ರೈಪಾಡ್ ತಗೊಳ್ಳಿ.

ಮದ್ದೂರು ತೋಟದವ
ಅಕ್ಕಿ ಡಬ್ಬಕ್ಕೆ ಒರಗಿಸಿ, ಎರಡು ಸೆಕೆಂಡ್ ಟೈಮರ್ ಇಟ್ಟು ತೆಗೆದೆ. ಅದೇ ಮುದ್ದೆ.

ಕುಕ್ಕರಹಳ್ಳಿ ವಾಕರ್
ಡಬ್ಬ ಟ್ರೈಪಾಡ್ ಆಗುತ್ತಾ ಸಾರ್?

ನಾಲೆಬದಿ
ಫೋಟೋ ತೆಗೆದು ಪೂಜೆ ಮಾಡ್ತೀರಾ? ಒಳ್ಳೇ ಔಷಧಿ ಹೊಡೆದು ಬಿಸಾಕಿ.

ಪಾಂಡವಪುರದ ಪುಟ್ಟ
ಹೊಡೀಬೇಡಿ ಅಣ್ಣ. ಈ ರುಗೋಸ್ ಬಿಳಿನೊಣ 2016ರಲ್ಲಿ ಪೊಳ್ಳಾಚಿ ಕಡೆ ಕಾಣಿಸಿಕೊಂಡದ್ದು. ಅದರ ಮರಿಯೊಳಗೇ ಬೆಳೆದು ಅದನ್ನ ತಿನ್ನೋ ಎನ್‌ಕಾರ್ಸಿಯ ಅನ್ನೋ ಪುಟ್ಟ ಕಣಜವೂ ಅದರ ಹಿಂದೆಯೇ ಬಂದಿದೆ. ವಿಷ ಹೊಡೆದರೆ ಮೊದಲು ಸಾಯೋದು ಕಣಜ. ಫೋಟೋ ಬೇಕಾಗಿರೋದೂ ಅದಕ್ಕೇ. ಮರಿ ಬಿಟ್ಟುಹೋದ ಖಾಲಿ ಚಿಪ್ಪಿನ ಬೆನ್ನು ನೋಡಿ. ನೊಣ ಹೊರಬಂದಿದ್ದರೆ ‘ಟಿ’ ಆಕಾರದಲ್ಲಿ ಸೀಳಿರುತ್ತೆ. ಕಣಜ ಬಂದಿದ್ದರೆ ಸೂಜಿ ಚುಚ್ಚಿದ ಹಾಗೆ ದುಂಡು ತೂತು.

ನಾಲೆಬದಿ
ರುಗೋಸೇ ಅಂತ ನಿಮಗೆ ಬರೆದುಕೊಟ್ಟೋರು ಯಾರು? ಗೂಡು ಕಟ್ಟೋ ಬಿಳಿನೊಣ ಇದ್ದರೆ? ಅದರ ರೆಕ್ಕೆ ಮೇಲೆ ಇಂಟು ಗುರುತಿನ ಥರ ಬೂದು ಗೆರೆ ಇರುತ್ತೆ.

ಪಾಂಡವಪುರದ ಪುಟ್ಟ
ಅದು ಸುರುಳಿ ಹಾಕಿ ಮೊಟ್ಟೆ ಇಡಲ್ಲ. ಮೊದಲ ಪೋಸ್ಟ್ ಓದಿ ಅಣ್ಣ.

ಮ್ಯಾಕ್ರೋ ಮೈಸೂರು
ಕ್ಲಿಪ್ ಲೆನ್ಸ್ ಎಲ್ಲಾ ಆಟದ ಸಾಮಾನು. ನನ್ನದು ದೊಡ್ಡ ಕ್ಯಾಮೆರಾದ 100 ಎಂಎಂ ಮ್ಯಾಕ್ರೋ ಲೆನ್ಸ್, ಫ್ಲಾಶ್ ಮುಂದೆ ಥರ್ಮಾಕೋಲ್ ತಟ್ಟೆ ಕತ್ತರಿಸಿ ಕಟ್ಟಿದ್ದೀನಿ. ಮೊನ್ನೆ ಚಾಮುಂಡಿ ಬೆಟ್ಟದಲ್ಲಿ ಲಂಟಾನ ಹೂವಿನ ಮೇಲೆ ಕೂತ ನೊಣ ತೆಗೆದೆ. ಕಣ್ಣಿನ ಚುಕ್ಕಿ ಎಣಿಸಬಹುದು.

ಮದ್ದೂರು ತೋಟದವ
ಆ ದುಡ್ಡಿಗೆ ನಮ್ಮ ಕಡೆ ಸೀಮೆಹಸು ಬರುತ್ತೆ ಸಾರ್. ಲೆನ್ಸ್ ಕೆಟ್ಟದ್ದಲ್ಲ. ಹಳೇ ಮೊಬೈಲಲ್ಲಿ ಇದರಲ್ಲೇ ಇರುವೆ ಮೀಸೆ ತೆಗೆದಿದ್ದೀನಿ.

ಪಾಂಡವಪುರದ ಪುಟ್ಟ
ಹಳೇ ಮೊಬೈಲಾ! ಮೊಬೈಲ್ ಬದಲಾಯ್ಸಿದ್ದೀನಿ ಅಂತ ಮೊದಲೇ ಹೇಳಬಾರದಾ? ಇದರ ಹಿಂದೆ ಎಷ್ಟು ಕ್ಯಾಮೆರಾ?

ಮದ್ದೂರು ತೋಟದವ
ಮೂರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಪಾಂಡವಪುರದ ಪುಟ್ಟ
ಹತ್ತಿರ ಹಿಡಿದಾಗ ಪರದೆಯಲ್ಲಿ ಚಿತ್ರ ಒಂದು ಸಲ ಪಕ್ಕಕ್ಕೆ ಹಾರುತ್ತಾ? ಹಾರಿದರೆ ಮೊಬೈಲ್ ತಾನೇ ಬೇರೆ ಕ್ಯಾಮೆರಾಗೆ ಹೋಗಿದೆ ಅಂತ ಅರ್ಥ. ನಿಮ್ಮ ಲೆನ್ಸ್ ಒಂದರ ಮೇಲೆ, ಫೋಟೋ ಬರ್ತಿರೋದು ಇನ್ನೊಂದರಿಂದ! ಕ್ಲಿಪ್ ತೆಗೆದು ಹತ್ತಿರ ಹಿಡಿದು, ಒಂದೊಂದೇ ಕ್ಯಾಮೆರಾ ಬೆರಳಲ್ಲಿ ಮುಚ್ಚಿ ನೋಡಿ. ಯಾವುದು ಮುಚ್ಚಿದಾಗ ಪರದೆ ಕಪ್ಪಾಗುತ್ತೋ ಅದೇ ಓಡ್ತಿರೋದು. ಆಮೇಲೆ ಸೆಟ್ಟಿಂಗ್ಸಲ್ಲಿ ಆಟೋ ಮ್ಯಾಕ್ರೋ, ಅಂದ್ರೆ ಹತ್ತಿರ ಹಿಡಿದಾಗ ತಾನೇ ಕ್ಯಾಮೆರಾ ಬದಲಿಸೋದನ್ನ, ಆಫ್ ಮಾಡಿ. ಹುಳದ ಮೇಲಿನ ಬಿಳಿ ಮೇಣ ತೀರಾ ಬೆಳ್ಳಗೆ ಹೊಳೆದು ವಿವರ ಕಾಣದಿದ್ದರೆ ಪರದೆ ಒತ್ತಿ ಬೆಳಕು ಇಳಿಸಿ. ಕಪ್ಪು ಗರಿ ನೋಡಿ ಮೊಬೈಲ್ ಸುಮ್ನೆ ಬೆಳಕು ಏರಿಸುತ್ತೆ.

ಮದ್ದೂರು ತೋಟದವ
ಎರಡು ದಿನ ಮಳೆ, ಇವತ್ತು ನೋಡಿದೆ. ಹತ್ತಿರ ಹಿಡಿದಾಗ ಮಧ್ಯದ್ದು ಮುಚ್ಚಿದರೆ ಏನೂ ಆಗಲ್ಲ, ಮೂಲೇದು ಮುಚ್ಚಿದರೆ ಕತ್ತಲು. ನಾನು ಲೆನ್ಸ್ ಹಾಕ್ತಿದ್ದದ್ದು ಮಧ್ಯದ್ದಕ್ಕೆ. ಥೂ! ಆಫ್ ಮಾಡಿ ತೆಗೆದ ಫೋಟೋದಲ್ಲಿ ಐದು ಖಾಲಿ ಚಿಪ್ಪು. ನಾಲ್ಕರಲ್ಲಿ ದುಂಡು ತೂತು, ಒಂದರಲ್ಲಿ ಸೀಳು. ಔಷಧಿ ಹೊಡೆಯಲ್ಲ.

ನಾಲೆಬದಿ
ಐದು ಚಿಪ್ಪು ನೋಡಿ ತೋಟದ ತೀರ್ಮಾನ ಮಾಡಿಬಿಟ್ರಾ? ಇನ್ನೂ ಹತ್ತು ಮರದ ಗರಿ ನೋಡಿ.

ಕುಕ್ಕರಹಳ್ಳಿ ವಾಕರ್
ಎಲ್ಲಾ ಸರಿ ಸಾರ್, ಆದ್ರೂ ಒಂದು ಟ್ರೈಪಾಡ್ ತಗೊಳ್ಳಿ.